ಹಿರೀಕರ ದಾರಿ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನಿಂದ ಕೆರೆಯವರೆಗೆ ಹೋಗುವ ಹಳೇ ಕಾಲುವೆಯ ದಂಡೆಯಲ್ಲಿ ಗಿಡ ನೆಡುವುದು ಊರಿಗೆ ಒಂದು ವಾರ್ಷಿಕ ಕೆಲಸವಾಗಿತ್ತು. ಜೂನ್ ತಿಂಗಳಲ್ಲಿ ಶಾಮಿಯಾನ ಹಾಕುತ್ತಿದ್ದರು, ಭಾಷಣ ಮಾಡುತ್ತಿದ್ದರು, ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಇಟ್ಟು ಫೋಟೋ ತೆಗೆಸಿಕೊಂಡು ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಮುಂದಿನದನ್ನು ಮೇಕೆಗಳು ನೋಡಿಕೊಳ್ಳುತ್ತಿದ್ದವು. ಇದರಿಂದ ಯಾರಿಗೂ ಬೇಜಾರಿರಲಿಲ್ಲ.

ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ಜ್ಯೋತಿಲಕ್ಷ್ಮಿಗೂ ಪರಿಸರದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಗಂಡ ನಡೆದಾಡಲು ಒಂದು ಜಾಗ. ರುದ್ರಯ್ಯ ಹಿಂದೂಪುರದ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಆಯುಷ್ಯವನ್ನೆಲ್ಲ ನಿಂತೇ ಕಳೆದ ಮನುಷ್ಯನಿಗೆ ಲಕ್ವ ಹೊಡೆದು ಎಡಗಾಲು ಎಳೆಯುವಂತಾಯಿತು. ದಿನಾ ನಡೆಸಿ, ಕೂರಿಸಿದರೆ ಕಾಲು ಹೋಗುತ್ತದೆ ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ಮೊದಲ ವಾರವೇ ಪೇಟೆ ಬೀದಿಯಲ್ಲಿ ಸ್ಕೂಟರೊಂದು ಸವರಿಕೊಂಡು ಹೋಗಿ ಅವನು ಬಿದ್ದ. ಒಂದು ಕಾಲದಲ್ಲಿ ಚಿಲ್ಲರೆಗಾಗಿ ಅವನ ಬಾಯಲ್ಲಿ ಬೈಸಿಕೊಂಡವರೇ ಎತ್ತಿ ಕೂರಿಸಿದರು. ಅವತ್ತಿನಿಂದ ಅವನು ಜಗಲಿಯ ಕುರ್ಚಿ ಬಿಟ್ಟು ಏಳಲಿಲ್ಲ. ಸ್ನಾನ ಮಾಡಿಸುವಾಗ ಎಡತೊಡೆ ಬರಬರುತ್ತ ತೆಳ್ಳಗಾಗುವುದನ್ನು ನೋಡಿ ಜ್ಯೋತಿಲಕ್ಷ್ಮಿಗೆ ಭಯವಾಗುತ್ತಿತ್ತು.

ಹಾಗಾಗಿ ಅವಳು, ಆ ಕಾಲುವೆಯ ದಂಡೆಯಲ್ಲಿ ಗಿಡ ನೆಡಿಸುತ್ತಿದ್ದ ಹಸಿರು ದಾರಿ ಸಮಿತಿ ಸೇರಿದಳು. ಅದರ ಅಧ್ಯಕ್ಷರು ಸರ್ವೆ ಇಲಾಖೆಯಿಂದ ನಿವೃತ್ತರಾದ ರೇಣುಕಯ್ಯನವರು. ಮೈಕು ಕಂಡರೆ ಬಿಡದ ಜನ, ಆದರೆ ಕೆಟ್ಟವರಲ್ಲ. ಅವರ ಬಾಯಿ, ಇವಳ ಟೈಪಿಂಗು ಎರಡೂ ಸೇರಿ ಅರ್ಜಿಯ ಮೇಲೆ ಅರ್ಜಿ ಹೋಗಿ, ಕೊನೆಗೆ ಪುರಸಭೆಯವರು ಕಾಲುವೆಯ ಹೂಳೆತ್ತಿಸಿ ದಂಡೆಯುದ್ದಕ್ಕೂ ಕಲ್ಲು ಹಾಸಿದರು, ಅಲ್ಲಲ್ಲಿ ನಲ್ಲಿ, ಬೆಂಚು ಹಾಕಿಸಿದರು. ಆದರೆ ನೆರಳಿಲ್ಲ. ಮಧುಗಿರಿಯ ಬಂಡೆಬೆಟ್ಟ ಹಗಲೆಲ್ಲ ಕಾದು ಸಂಜೆಯಾದರೂ ಬಿಸಿ ಉಗುಳುವ ಊರಿನಲ್ಲಿ ನೆರಳಿಲ್ಲದ ದಾರಿಗೆ ಯಾರು ಹೋಗುತ್ತಾರೆ? ನೆಟ್ಟ ಗಿಡ ಬದುಕಬೇಕು. ಅದಕ್ಕೆ ಯಾರಾದರೂ ನೀರು ಹಾಕಬೇಕು.

ಉಪಾಯ ಹೊಳೆದದ್ದು ಜ್ಯೋತಿಲಕ್ಷ್ಮಿಗೆ. ಒಂದೊಂದು ಮನೆಯವರು ತಮ್ಮಲ್ಲಿ ತೀರಿಕೊಂಡವರ ಹೆಸರಿನಲ್ಲಿ ಒಂದೊಂದು ಗಿಡ ನೆಡಲಿ, ಬುಡದಲ್ಲಿ ಹೆಸರಿನ ತಗಡು ಇರಲಿ, ನೀರು ಮಾತ್ರ ಆ ಮನೆಯವರೇ ಹಾಕಬೇಕು, ಬೇರೆಯವರು ಮುಟ್ಟುವಂತಿಲ್ಲ ಎಂದಳು. ರೇಣುಕಯ್ಯನವರು ಅದನ್ನು ತಮ್ಮದೇ ಯೋಚನೆಯೆಂಬಂತೆ ಮೈಕಿನಲ್ಲಿ ಸಾರಿದರು. ಅವಳು ಅದನ್ನೇ ಟೈಪು ಮಾಡಿ ಮನೆಮನೆಗೆ ಹಂಚಿದಳು.

ಜನ ಸಾಲುಗಟ್ಟಿ ಬಂದರು. ತಗಡಿನ ಮೇಲೆ ಹೆಸರು, ಜನನ, ಮರಣ ಬರೆದುಕೊಡುವ ಕೆಲಸ ಪೇಂಟರ್ ಕಲಂದರನದು. ಬೇಸಿಗೆ ಬಂದು ಹೋಯಿತು, ಒಂದು ಗಿಡವೂ ಒಣಗಲಿಲ್ಲ. ಒಣಗುವುದಾದರೂ ಹೇಗೆ? ಅಪ್ಪ ಬಾಯಾರಿ ಸತ್ತ ಎಂದು ಊರಿನಲ್ಲಿ ಹೇಳಿಸಿಕೊಳ್ಳಲು ಯಾರಿಗೆ ಇಷ್ಟ? ಹೂವು ಕಟ್ಟುವ ಕರಿಬಸಮ್ಮನಂತೂ ಗಂಡನ ಹೊಂಗೆಗೆ ದಿನಾ ಎರಡು ಹೊತ್ತು ನೀರು ಹಾಕಿ, ಮನೆಯ ಕಷ್ಟಸುಖ ಹೇಳಿ, ನಡುನಡುವೆ ಅವನನ್ನು ಗದರಿಸಿ ಬರುತ್ತಿದ್ದಳು. ಜ್ಯೋತಿಲಕ್ಷ್ಮಿಯ ಪಕ್ಕದ ಮನೆಯ ಅಮೀರ್ ಬಿ ತಾಯಿಯ ಹೆಸರಿನಲ್ಲಿ ಬೇವು ನೆಟ್ಟು, "ನೆರಳಾಗೆ ಎಷ್ಟ್ ಜನ ಕೂತ್ಕಂತಾರೋ ಅಷ್ಟು ಸವಾಬು, ಪುಣ್ಯ, ಅಮ್ಮಂಗೆ ಕಣಮ್ಮ," ಎಂದಿದ್ದಳು. ಎರಡು ಮಳೆಗಾಲ ಕಳೆಯುವುದರಲ್ಲಿ ಗಿಡಗಳು ತಲೆಗಿಂತ ಎತ್ತರ ಬೆಳೆದು ಕಲ್ಲುಹಾಸಿನ ಮೇಲೆ ನೆರಳು ಬಿತ್ತು.

ಎಡವಟ್ಟಾದದ್ದು ಪಿತೃಪಕ್ಷದಲ್ಲಿ. ಮನೆಯೊಳಗೆ ಇಡುವ ಎಡೆಯನ್ನು ಆ ವರ್ಷ ಯಾರೋ ಒಬ್ಬರು ಗಿಡದ ಬುಡಕ್ಕೂ ತಂದಿಟ್ಟರು. ಅವರು ಇಟ್ಟ ಮೇಲೆ ನಾವು ಇಡದಿದ್ದರೆ ಹೇಗೆ ಎಂದು ಉಳಿದವರೂ ಇಟ್ಟರು. ಅಮಾವಾಸ್ಯೆಯ ದಿನ ಹಸಿರು ದಾರಿಯ ಉದ್ದಕ್ಕೂ ಮುದ್ದೆ, ಮಾಂಸದ ಸಾರು, ವಡೆ, ಬೀಡಿ ಕಟ್ಟು, ಕೆಲವರಿಗೆ ಅವರ ಇಷ್ಟದ ಪ್ಯಾಕೆಟ್ಟು. ಊರಿನ ನಾಯಿಗಳು ಅಂಥ ಹಬ್ಬ ಕಂಡಿರಲಿಲ್ಲ.

ಮಾರನೆಯ ದಿನದಿಂದ ಅದು ಹಸಿರು ದಾರಿಯಾಗಿ ಉಳಿಯಲಿಲ್ಲ, ಹಿರೀಕರ ದಾರಿಯಾಯಿತು. ಬಸುರಿಯರು ಅತ್ತ ಸುಳಿಯಬಾರದು, ಮಕ್ಕಳನ್ನು ಕಳಿಸಬಾರದು, ಹೊತ್ತು ಇಳಿದ ಮೇಲೆ ಯಾರೂ ಹೋಗಬಾರದು ಎಂದು ಒಂದೊಂದಾಗಿ ಕಟ್ಟಳೆಗಳು ಹುಟ್ಟಿಕೊಂಡವು. ನೀರು ಹಾಕುವವರು ಹಾಕಿ, ಕೈಮುಗಿದು, ತಿರುಗಿ ನೋಡದೆ ಹೋಗುತ್ತಿದ್ದರು. ಕೆರೆಯ ಕಡೆ ಹೋಗಬೇಕಾದವರು ಬಸ್ಸುಗಳ ನಡುವೆ ಜೀವ ಕೈಯಲ್ಲಿ ಹಿಡಿದು ರಸ್ತೆಯಲ್ಲೇ ಹೋದರು. ಬೆಂಚುಗಳ ಮೇಲೆ ಹೊಂಗೆಹೂವು ಉದುರಿಕೊಂಡಿತ್ತು.

ಜ್ಯೋತಿಲಕ್ಷ್ಮಿ ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ, ಒಂದು ಬೆಳಿಗ್ಗೆ ಗಂಡನನ್ನು ಪುಸಲಾಯಿಸಿ ಆಟೋದಲ್ಲಿ ಕೂರಿಸಿಕೊಂಡು ದಾರಿಯ ಬಾಯಿಗೆ ಕರೆತಂದಳು. ಅವನು ಕೋಲೂರಿ ನಿಂತು ಮೊದಲ ತಗಡು ಓದಿದ. ಎರಡನೆಯದನ್ನೂ ಓದಿದ.

"ಇವ್ರೆಲ್ಲಾ ನನ್ ಬಸ್ಸಾಗೆ ಓಡಾಡ್ದೋರು ಕಣೇ," ಎಂದ.

"ಹೌದಲ್ಲ, ಪರಿಚಯದೋರೇ. ಬನ್ನಿ, ನಾಕ್ ಹೆಜ್ಜೆ ಹಾಕಿ."

"ಇವ್ರ್ ಮಧ್ಯ ನನ್ನ ಈಗ್ಲೇ ತಂದು ನಿಲ್ಲುಸ್ತೀಯ? ಇನ್ನೂ ಉಸಿರಾಡ್ತಾ ಇದೀನಿ ಕಣೇ. ನಡಿ ಮನೆಗೆ."

ಆಟೋದವನು ಹೋಗುವ ಬರುವ ಎರಡೂ ಬಾಡಿಗೆ ತೆಗೆದುಕೊಂಡ. ದಾರಿಯುದ್ದಕ್ಕೂ ಅವಳಿಗೆ ಅಳು ಬಂತು, ಸಿಟ್ಟೂ ಬಂತು. ತನ್ನ ಗಂಡನಿಗೆಂದು ಮಾಡಿದ ದಾರಿಯನ್ನು ತಾನೇ ಸತ್ತವರಿಗೆ ಬರೆದುಕೊಟ್ಟಿದ್ದಳು.

ಮುಂದಿನ ಸಭೆಯಲ್ಲಿ ಅವಳು ಎದ್ದು ನಿಂತು, ಗಿಡಗಳು ಹೇಗೂ ಬೇರೂರಿವೆ, ತಗಡುಗಳನ್ನು ತೆಗೆಸೋಣ ಎಂದಳು. ಸಾರ್ವಜನಿಕರ ಭಾವನೆಯ ವಿಚಾರ ಎಂದು ರೇಣುಕಯ್ಯನವರು ಕೈ ತೊಳೆದುಕೊಂಡರು. ಹಿಂದಿನ ಸಾಲಿನಲ್ಲಿದ್ದ ಕರಿಬಸಮ್ಮ ಮಾತ್ರ ಎದ್ದಳು.

"ಹೆಸ್ರು ಕಿತ್ರೆ ಅದು ಬರೀ ಮರ ಆಯ್ತದೆ ಕಣಮ್ಮ. ಬರೀ ಮರದ್ ತಾವ ನಾನು ಏನಂತ ಮಾತಾಡ್ಲಿ?"

ಜ್ಯೋತಿಲಕ್ಷ್ಮಿ ಕೂತುಬಿಟ್ಟಳು. ಆ ಹೆಂಗಸು ಹೇಳಿದ್ದು ಸರಿ ಎಂದು ಅವಳಿಗೂ ಅನ್ನಿಸಿತ್ತು. ಎಲ್ಲರೂ ಕಾಫಿ ಕುಡಿದು ಎದ್ದರು.

ಒಂದಷ್ಟು ದಿನ ಯೋಚಿಸಿ ಅವಳು ಕಲಂದರನ ಅಂಗಡಿಗೆ ಹೋದಳು. ಅವನು ಎಂದಿನಂತೆ ತಗಡು ಎತ್ತಿಕೊಂಡು, ಹೆಸರು ಹೇಳಿ ಅಕ್ಕ ಎಂದ.

"ಜ್ಯೋತಿಲಕ್ಷ್ಮಿ."

"ನಿಮ್ ಹೆಸ್ರಿನೋರು ಇನ್ನೊಬ್ರಿದ್ರಾ? ಯಾವಾಗ್ ತೀರ್ಕೊಂಡ್ರು?"

"ತೀರ್ಕಂಡಿಲ್ಲ. ನಿನ್ನೆದುರಿಗೇ ನಿಂತವ್ಳೆ. ಬರಿ."

ಕಲಂದರ ಬ್ರಷ್ಷು ಕೆಳಗಿಟ್ಟ. ಇದು ನನ್ನ ಕೈಯಲ್ಲಿ ಆಗುವುದಿಲ್ಲ, ರುದ್ರಣ್ಣನಿಗೆ ಗೊತ್ತಾದರೆ ಕೋಲಿನಲ್ಲಿ ಹೊಡೆಯುತ್ತಾರೆ ಎಂದ. ಹೊಡೆಯಲಿಕ್ಕೆ ಅವರು ಇಲ್ಲಿಯವರೆಗೆ ನಡೆದು ಬರಬೇಕಲ್ಲ, ಬಂದರೆ ನಿನಗೆ ಪುಣ್ಯ ಬರುತ್ತದೆ ಎಂದಳು ಅವಳು. ಕೊನೆಗೆ ಅವನು ಬೇಡದ ಮನಸ್ಸಿನಿಂದ ಬರೆದ. ಹೆಸರು, ಜನನ, ಅದರ ಮುಂದೆ ಇಸವಿ. ಅದರ ಕೆಳಗೆ ಮರಣ ಎಂದು ಬರೆದು ಮುಂದೆ ಖಾಲಿ ಬಿಟ್ಟ.

ದಂಡೆಯ ನಡುಭಾಗದಲ್ಲಿ, ಮನೆಯಿಂದ ಕೋಲೂರಿ ಬಂದರೆ ಕಷ್ಟಪಟ್ಟು ತಲುಪಬಹುದಾದಷ್ಟು ದೂರದಲ್ಲಿ, ಅವಳು ಒಂದು ನೇರಳೆ ಸಸಿ ನೆಟ್ಟು ತಗಡು ಊರಿದಳು. ಮೊದಲ ದಿನದ ನೀರು ಹಾಕಿದವಳು ಆಮೇಲೆ ಅತ್ತ ಹೋಗಲಿಲ್ಲ. ಬೇಸಿಗೆ ಶುರುವಾಗಿತ್ತು. ಸುದ್ದಿ ಊರೆಲ್ಲ ಹರಡಿತು. ಕೆಲವರು ಅವಳಿಗೆ ತಲೆ ಕೆಟ್ಟಿದೆ ಎಂದರು, ಕೆಲವರು ಕಾಯಿಲೆಯಿರಬೇಕು ಎಂದು ಮರುಗಿದರು. ಅಮೀರ್ ಬಿ ಬೇಲಿಯ ಮೇಲಿಂದ ಬಗ್ಗಿ, "ನಾನಾದ್ರೂ ಒಂದ್ ಬಿಂದಿಗೆ ಹಾಕ್ತೀನಿ ಬುಡು," ಎಂದಳು.

"ಬೇಡ ಕಣೆ. ಮನೆಯೋರೇ ಹಾಕ್ಬೇಕು."

ರುದ್ರಯ್ಯನಿಗೆ ವಿಷಯ ಮುಟ್ಟಿಸಿದವಳು ಕರಿಬಸಮ್ಮ. ಹೂವಿನ ಬುಟ್ಟಿ ಸಮೇತ ಜಗಲಿಯ ಮುಂದೆ ನಿಂತು, "ರುದ್ರಣ್ಣ, ನಿನ್ನೆಂಡ್ರ ಗಿಡ ಬಾಡ್ತಾ ಐತೆ. ಎಲೆ ಎಲ್ಲಾ ಜೋತು ಬಿದ್ದವೆ," ಎಂದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಳುಚಿಕೊಂಡಿತು.

ಸಂಜೆ ಜ್ಯೋತಿಲಕ್ಷ್ಮಿ ಮನೆಗೆ ಬರುತ್ತಲೇ ಗುಡುಗಿದ. "ಇದೆಂಥಾ ಅಪಶಕುನದ್ ಕೆಲಸ ಮಾಡಿದ್ದೀಯೇ? ಹೋಗ್ ನೀರಾಕು, ಇಲ್ಲ ಕಿತ್ತಾಕು."

"ನನ್ನ ಗಿಡಕ್ಕೆ ನಾನೇ ಹಾಕಂಗಿಲ್ಲ. ಕೀಳಂಗೂ ಇಲ್ಲ. ಮನೇಲಿ ಮಿಕ್ಕೋರು ಹಾಕ್ಬೇಕು."

"ಮಿಕ್ಕೋರು ಯಾರಿದ್ದಾರೆ?"

ಅವಳು ಸಾರಿಗೆ ಬೇಳೆ ಇಡಲು ಒಳಗೆ ಹೋದಳು. ಅವನು ರೇಣುಕಯ್ಯನವರಿಗೆ ಫೋನ್ ಮಾಡಿ, ಯಾರ ಕೈಯಲ್ಲಾದರೂ ನೀರು ಹಾಕಿಸಿ ಎಂದು ಬೇಡಿಕೊಂಡ. ಸಮಿತಿಯ ನಿಯಮ ಮುರಿಯಲು ಬರುವುದಿಲ್ಲ ಎಂದರು ಅವರು. ಯಾವ ನಿಯಮವನ್ನೂ ಅಷ್ಟು ಗಟ್ಟಿಯಾಗಿ ಹಿಡಿದವರಲ್ಲ, ಅವತ್ತು ಮಾತ್ರ ಹಿಡಿದರು. ಅಲ್ಲಿಂದ ಮುಂದೆ ಗಂಡಹೆಂಡಿರ ನಡುವೆ ಮಾತಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದ, ಮುಖ ಎತ್ತುತ್ತಿರಲಿಲ್ಲ. ಒಂದು ಸಲ ಅವಳು ಕೆಮ್ಮಿದಾಗ ಮಾತ್ರ ತಟ್ಟನೆ ತಿರುಗಿ ನೋಡಿದ. ಅವನನ್ನು ಹೀಗೆ ಹೆದರಿಸುವುದು ಅನ್ಯಾಯವೆಂದು ಅವಳಿಗೆ ಅನ್ನಿಸಿತು. ತೆಳ್ಳಗಾದ ಆ ತೊಡೆ ನೆನಪಾಗಿ ಮನಸ್ಸು ಗಟ್ಟಿ ಮಾಡಿಕೊಂಡಳು.

ಒಂದು ಮಧ್ಯಾಹ್ನ ಊಟಕ್ಕೆಂದು ಅಂಗಡಿಯಿಂದ ಬಂದಾಗ ಕುರ್ಚಿ ಖಾಲಿಯಾಗಿತ್ತು. ಕೋಲಿರಲಿಲ್ಲ, ಬಚ್ಚಲಿನ ಚೊಂಬೂ ಇರಲಿಲ್ಲ. ಆ ಬಿಸಿಲಿನಲ್ಲಿ ಎಲ್ಲಾದರೂ ಬಿದ್ದಿದ್ದರೆ ಎಂದು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಕಲ್ಲುಹಾಸಿನ ಮೇಲೆ ಎಡಗಾಲು ಎಳೆದ ಗುರುತು ಹೊಂಗೆಹೂವಿನ ನಡುವೆ ಗೆರೆಯಂತೆ ಕಾಣುತ್ತಿತ್ತು, ಪಕ್ಕದಲ್ಲಿ ತುಳುಕಿದ ನೀರಿನ ಹನಿಗಳು.

ಅವನು ಬಿದ್ದಿರಲಿಲ್ಲ. ನೇರಳೆಯ ಬುಡದಲ್ಲಿ ಕಾಲು ಚಾಚಿ ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಚೊಂಬಿನಲ್ಲಿ ಉಳಿದಿದ್ದ ಗುಟುಕು ನೀರನ್ನು ಅದಾಗಲೇ ಹಾಕಿಯಾಗಿತ್ತು, ಮಣ್ಣು ಅಂಗೈಯಷ್ಟು ಒದ್ದೆಯಾಗಿತ್ತು. ಈಗ ಒಂದು ಬೆಣಚುಕಲ್ಲು ಹಿಡಿದು ತಗಡನ್ನು ಉಜ್ಜುತ್ತಿದ್ದ. ಅವಳು ಅಮೀರ್ ಬಿಯ ತಾಯಿಯ ಬೇವಿನ ಹಿಂದೆ ನಿಂತುಬಿಟ್ಟಳು. ಮರಣ ಎಂಬ ಅಕ್ಷರಗಳು ಬಣ್ಣ ಕಳೆದುಕೊಂಡು ಬರೀ ತಗಡು ಹೊಳೆಯುವವರೆಗೂ ಅವನು ಕೈ ನಿಲ್ಲಿಸಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಅಷ್ಟು ಸುಖವಾದದ್ದು ನೆನಪಿರಲಿಲ್ಲ.

ಅವಳು ಹತ್ತಿರ ಹೋಗಿ ನಿಂತಾಗ ಅವನು ತಲೆ ಎತ್ತದೆಯೇ ಕೇಳಿದ.

"ಈ ನೇರಳೆ ಎಷ್ಟ್ ವರ್ಷ ಬದುಕ್ತದೆ?"

"ನೂರು ವರ್ಷ ಅಂತಾರೆ."

"ಅಷ್ಟ್ ವರ್ಷಾನೂ ನಾನೇ ಬಂದು ಹಾಕ್ಬೇಕಾ?"

"ಮನೇಲಿ ಇನ್ಯಾರಿದ್ದಾರೆ?"

ಅವನು ಕೋಲೂರಿ, ಬೈದುಕೊಳ್ಳುತ್ತ, ನಿಧಾನಕ್ಕೆ ಎದ್ದ. ಅವಳು ಕೈ ಚಾಚಿದಳು, ಅವನು ಹಿಡಿದುಕೊಳ್ಳಲಿಲ್ಲ. ಖಾಲಿ ಚೊಂಬು ಎತ್ತಿಕೊಂಡು, ಸಾಲದು, ಇನ್ನೊಂದು ತರುತ್ತೇನೆ ಎಂದು ಮುಂದಿನ ನಲ್ಲಿಯ ಕಡೆಗೆ ಕಾಲೆಳೆಯುತ್ತ ಹೊರಟ.