ಹೆದರಿಕೆಗೆ ಒಂದು ಮುಖ ಬೇಕಾಗಿದೆ

ಕಣ್ಣಾರೆ ಕೇಳಿ, ಕಿವಿಯಾರೆ ನೋಡಿದ ಸತ್ಯ ಕಥೆ ಇದು. ಉಪ್ಪು ಖಾರ ಹಚ್ಚಿಲ್ಲ. ಹಚ್ಚೋಣವೆಂದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಯಾವುದೂ ರುಚಿಸುತ್ತಿರಲಿಲ್ಲ.

ನಾವು ಮೂವರು ಸಿನಿಮಾ ಓದುವವರು. ಒಬ್ಬ ಡೈರೆಕ್ಟ್ರು. ಒಂದು ಶಾಟೂ ತೆಗೆಯದವನಿಗೆ ನಾವು ಗೇಲಿಗೆ ಇಟ್ಟ ಹೆಸರು, ಅವನು ಬಿರುದು ಅಂದುಕೊಂಡು ಇಟ್ಟುಕೊಂಡ. ಕ್ಯಾಮೆರಾದವಳು ಟ್ರೈಪಾಡು. ಉದ್ದಕ್ಕೆ, ತೆಳ್ಳಗೆ, ನಿಂತರೆ ಅಲುಗಾಡುವವಳಲ್ಲ. ಶಬ್ದದ ಇಲಾಖೆ ನನ್ನದು. ಬಾಗಿಲ ಕೀಲು, ಎಣ್ಣೆ ಕಾಣದ ಫ್ಯಾನು, ನಮ್ಮ ಮೇಷ್ಟ್ರ ಕೆಮ್ಮು, ಯಾವುದನ್ನೇ ಆದರೂ ಒಂದು ಸಲ ಕೇಳಿದರೆ ಸಾಕು, ಗಂಟಲಿಂದ ತೆಗೆದುಕೊಡುತ್ತೇನೆ.

ಮೇಷ್ಟ್ರು ಕೊಟ್ಟ ಕೆಲಸ ಹಾರರ್ ಚಿತ್ರವೊಂದರ ಆರಂಭ. ಬರೀ ಆರಂಭ, ಮಧ್ಯವೂ ಬೇಡ, ಕೊನೆಯೂ ಬೇಡ. "ದೆವ್ವ ತೋರಿಸಿದವರಿಗೆ ಸೊನ್ನೆ. ಮೊದಲು ಸಂಶೋಧನೆ ಮಾಡಿ. ಜನ ಯಾತಕ್ಕೆ ಹೆದರ್ತಾರೆ ಕೇಳ್ಕೊಂಡು ಬನ್ನಿ. ಆಮೇಲೆ ಜಾಗ ನೋಡಿ, ಆಮೇಲೆ ಶಾಟ್ ಬರೀರಿ. ಕೊನೆಗೆ, ಏನೂ ಗೊತ್ತಿಲ್ಲದ ಒಬ್ಬರ ಮೇಲೆ ಪ್ರಯೋಗ ಮಾಡಿ, ಅವರ ಮುಖ ಶೂಟ್ ಮಾಡಿ ತನ್ನಿ. ಆ ಮುಖ ನೋಡಿ ಮಾರ್ಕ್ಸ್ ಕೊಡ್ತೀನಿ, ನಿಮ್ಮ ಮುಖ ನೋಡಿ ಅಲ್ಲ," ಅಂದರು.

ಕೇಳಿಕೊಂಡು ಬಂದೆವು. ಆ ಕಡತಕ್ಕೆ ನಾನು 'ಭಯೋಡೇಟಾ' ಅಂತ ಹೆಸರಿಟ್ಟೆ. ಕಾಲೇಜಿನ ವಾಚ್‌ಮನ್‌ಗೆ ಗೊತ್ತಿಲ್ಲದ ನಂಬರಿಂದ ಬರುವ ಫೋನಿನ ಭಯ. ಕ್ಷೌರದಂಗಡಿಯವನಿಗೆ ಗಿರಾಕಿಯ ಸೀನಿನ ಭಯ. "ಕತ್ತಿ ಕುತ್ತಿಗೆ ಮೇಲಿರೋವಾಗ ಒಬ್ಬ ಸೀನಿದ್ರೆ ನನ್ನ ಅರ್ಧ ಆಯಸ್ಸು ಹೋಗುತ್ತೆ ಸಾರ್," ಅಂದ. ಕ್ಯಾಂಟೀನಿನಾಕೆ, "ನೀವು ಮೂರೂ ಜನ ಒಟ್ಟಿಗೆ ಬರೋದು," ಅಂದರು. ದೆವ್ವ ಅಂತ ಒಬ್ಬರೂ ಅನ್ನಲಿಲ್ಲ.

ಟ್ರೈಪಾಡು ಎಲ್ಲ ಓದಿ, "ಯಾರಿಗೂ ಹೊಸದರ ಭಯ ಇಲ್ಲ. ದಿನಾ ನೋಡೋದೇ ಸ್ವಲ್ಪ ಸೊಟ್ಟಗೆ ಬಂದ್ರೆ ಭಯ," ಅಂದಳು.

ನಾನು ತಲೆಯಾಡಿಸಿದೆ. ದಿನಾ ನೋಡೋದು ಸೊಟ್ಟಗೆ ಬಂದಿದ್ದು ನಮ್ಮ ಮನೆಯಲ್ಲೇ ಇತ್ತು. ಹೇಳಲಿಲ್ಲ.

ಜಾಗ ನೋಡಲು ಡೈರೆಕ್ಟ್ರು ನಮ್ಮನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದ. ಮಟಮಟ ಮಧ್ಯಾಹ್ನ, ಜನ ಕಡಿಮೆ. ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಒದ್ದೆ ನೆಲದ ಮೇಲೆ ಹಳದಿ ಎಚ್ಚರಿಕೆ ಫಲಕ, ಅದರ ನೆರಳಲ್ಲಿ ಮಲಗಿದ್ದ ನಾಯಿ. ನಾನು ಮೈಕು ಹಿಡಿದು ನಿಂತೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಯಾವ ಜಾಗಕ್ಕೆ ಹೋದರೂ ಮೊದಲು ಅಲ್ಲಿಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಬೇಕು. ನಿಂತೆವು.

ಆಗ ಮೇಲಿನ ಸ್ಪೀಕರ್ ಕರೆಯಿತು. "ಪ್ರಯಾಣಿಕರ... ಗಮನಕ್ಕೆ. ಪ್ಲಾಟ್‌ಫಾರ್ಮ್... ನಾಲ್ಕರಿಂದ... ಹೊರಡುವ ಬಸ್ಸು... ತಡವಾಗಿ... ಬರಲಿದೆ."

ಹೆಂಗಸಿನ ದನಿ. ಬೆಣ್ಣೆಯಂಥ ದನಿ, ಆದರೆ ಒಂದೊಂದು ಪದವೂ ಬೇರೆ ಬೇರೆ ದಿನ ಹುಟ್ಟಿದ ಹಾಗೆ. 'ಪ್ರಯಾಣಿಕರ' ಅನ್ನುವಾಗ ಬೆಳಗಿನ ಉತ್ಸಾಹ, 'ತಡವಾಗಿ' ಅನ್ನುವಾಗ ಊಟ ಆಗಿಲ್ಲದ ಸುಸ್ತು. ನಡುವೆ ಉಸಿರೇ ಇಲ್ಲ.

ಡೈರೆಕ್ಟ್ರು ತೋಳು ಮುಂದೆ ಚಾಚಿದ. "ನೋಡ್ರೋ, ರೋಮ ಎದ್ದು ನಿಂತಿದೆ. ಯಾರಪ್ಪಾ ಇವಳು? ಸತ್ತೋಳನ್ನ ಕೂರಿಸಿ ಮಾತಾಡಿಸಿದ ಹಾಗಿದೆ!"

"ನಮ್ಮಕ್ಕ," ಅಂದೆ.

ಇಬ್ಬರೂ ನನ್ನ ಮುಖ ನೋಡಿದರು. ನನಗೇನೂ ಅನ್ನಿಸಲಿಲ್ಲ. ಮೈಕಿನ ಕಡ್ಡಿ ಕೈಯಲ್ಲಿ ತಣ್ಣಗಿತ್ತು, ಅಷ್ಟೇ.

"ಬದುಕಿದಾಳೆ. ಇಲ್ಲೇ ಅನೌನ್ಸರ್. ಹುಷಾರಿಲ್ಲ, ರಜೆ ಹಾಕಿದಾಳೆ. ಅವಳ ಹಳೇ ರೆಕಾರ್ಡಿಂಗ್ ತುಂಡು ಮಾಡಿ ಯಂತ್ರ ಜೋಡಿಸುತ್ತೆ."

ಹುಷಾರಿಲ್ಲ ಅನ್ನುವುದು ಅಮ್ಮ ಕಲಿಸಿದ ಮಾತು, ನೆಂಟರಿಗೂ ಅದೇ, ಹಾಲಿನವನಿಗೂ ಅದೇ. ಆಗಿದ್ದು ಇಷ್ಟು. ಒಂದು ಬೆಳಿಗ್ಗೆ ಅಕ್ಕ ಹಲ್ಲುಜ್ಜಲು ಹೋದಳು, ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಸುರಿದುಹೋಯಿತು. ಕನ್ನಡಿ ನೋಡಿದರೆ ಮುಖದ ಎಡಭಾಗ ರಾಜೀನಾಮೆ ಕೊಟ್ಟಿತ್ತು. ಕಣ್ಣು ಮುಚ್ಚದು, ಹುಬ್ಬು ಏರದು, ತುಟಿ ಕೂಡದು. ನರ ಬಾತಿದೆ, ವಾಪಸ್ ಬರುತ್ತೆ, ಯಾವಾಗ ಅಂತ ಕೇಳಬೇಡಿ ಅಂದರು ಡಾಕ್ಟರು. ಕನ್ನಡಿ ಮುಂದೆ ಕೂತು ಹುಬ್ಬು ಏರಿಸಿ, ಕೆನ್ನೆ ಉಬ್ಬಿಸಿ, ನಗಿ ಅಂತ ವ್ಯಾಯಾಮ ಹೇಳಿದರು. ಅಕ್ಕ ಬಚ್ಚಲಮನೆ ಕನ್ನಡಿಗೆ ಟವೆಲ್ ಹೊದಿಸಿ ಕೋಣೆ ಸೇರಿಕೊಂಡಳು. ಮುಖಭಂಗ ಅನ್ನುವ ಪದ ಇಷ್ಟು ಅಕ್ಷರಶಃ ಬಂದು ಮನೆಯಲ್ಲಿ ಕೂರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ತುಟಿ ಕೂಡದಿದ್ದರೆ ಪ, ಬ, ಮ ಮೂರೂ ಗಾಳಿ. ಅಮ್ಮನನ್ನೂ ಕರೆಯುವಂತಿಲ್ಲ, ಅಪ್ಪನನ್ನೂ ಕರೆಯುವಂತಿಲ್ಲ, ಇನ್ನು ಪ್ಲಾಟ್‌ಫಾರ್ಮ್ ಎಲ್ಲಿಂದ ಕರೆದಾಳು? ಹಾಗಾಗಿ ಅಕ್ಕ ಮಾತನ್ನೇ ಬಿಟ್ಟಳು. ಬೈಗುಳವೂ ನಿಂತಿತು. ನಾನು ತಟ್ಟೆ ತೊಳೆಯದೆ ಬಿಟ್ಟರೂ ಬೈಯಲಿಲ್ಲ, ಅವಳ ಶಾಲು ಕದ್ದು ಮೈಕಿಗೆ ಸುತ್ತಿದರೂ ಬೈಯಲಿಲ್ಲ. ಅಮ್ಮ ಪಾತ್ರೆ ಸದ್ದಾಗದ ಹಾಗೆ ಇಡುವುದನ್ನು ಕಲಿತಳು. ಅಪ್ಪ ಟೀವಿಯ ಸದ್ದು ಆರಿಸಿ, ಬರೀ ಚಿತ್ರ ನೋಡುತ್ತಾ ಕೂರುತ್ತಿದ್ದರು. ಮನೆಯಲ್ಲಿ ನಾನು ಯಾರ ದನಿಯನ್ನೂ ತೆಗೆಯುವುದು ಬಿಟ್ಟಿದ್ದೆ. ನಾಲ್ಕೂ ಜನಕ್ಕೆ ಮರಗಟ್ಟಿಸುವ ಒಂದೇ ಇಂಜೆಕ್ಷನ್ ಕೊಟ್ಟ ಹಾಗಿತ್ತು.

ನಿಲ್ದಾಣದ ಸೂಪರ್‌ವೈಸರ್ ಅಮ್ಮನಿಗೆ ಫೋನ್ ಮಾಡಿದ್ದರು. "ನಿಮ್ಮ ಮಗಳ ದನಿ ನಮ್ಮ ಹತ್ರಾನೇ ಇದೆಯಲ್ಲಮ್ಮ, ಅವಳ್ಯಾಕೆ ಕಷ್ಟಪಡಬೇಕು? ಹೂಂ ಅಂದ್ರೆ ಆ ರೆಕಾರ್ಡನ್ನೇ ಕಾಯಂ ಮಾಡ್ತೀವಿ. ಅವಳು ಕಳೆದುಹೋದ ಸಾಮಾನಿನ ಕೋಣೆಗೆ ಬರಲಿ, ಅಲ್ಲಿ ಮಾತಾಡೋ ಕೆಲಸ ಇಲ್ಲ. ಶನಿವಾರ ಮಧ್ಯಾಹ್ನ ಫೋನ್ ಮಾಡ್ತೀನಿ, ಒಂದು ಮಾತು ಹೇಳಿ." ಅಮ್ಮ ಬಾಗಿಲ ಸಂದಿಯಿಂದ ಕೇಳಿದಾಗ ಅಕ್ಕ ಒಂದು ಸಲ ತಲೆಯಾಡಿಸಿದಳಂತೆ. ಹೂಂ ಅಂತ.

ಹೂಂ ಅಂದುಬಿಟ್ಟರೆ ಮುಖ ಸರಿಹೋದರೂ ಅವಳು ಮೈಕಿನ ಮುಂದೆ ಕೂರುವುದಿಲ್ಲ. ವಾರಸುದಾರರಿಲ್ಲದ ಕೊಡೆ, ಬ್ಯಾಗುಗಳ ನಡುವೆ ಅವಳೂ ಒಂದು. ಇಷ್ಟು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬೇಡ ಅನ್ನು ಅಂತ ಹೇಳಲು ಬಾಗಿಲ ತನಕ ಹೋಗುತ್ತಿದ್ದೆ, ಚಿಲಕ ನೋಡಿ ವಾಪಸ್ ಬರುತ್ತಿದ್ದೆ.

ಇತ್ತ ಡೈರೆಕ್ಟ್ರಿಗೆ ಕಥೆ ಹೊಳೆದಿತ್ತು. ಖಾಲಿ ನಿಲ್ದಾಣ, ಒಬ್ಬಳೇ ಪ್ರಯಾಣಿಕಳು. ಸ್ಪೀಕರಿನ ದನಿ ಬಸ್ಸಿನ ವಿಷಯ ಬಿಟ್ಟು, ಅವಳು ಮುಂದೆ ಏನು ಮಾಡುತ್ತಾಳೆ ಅನ್ನುವುದನ್ನು ಪ್ರಕಟಿಸತೊಡಗುತ್ತದೆ. ಅಲ್ಲಿಗೆ ಆರಂಭ ಮುಗಿಯಿತು. ಚೆನ್ನಾಗಿತ್ತು, ಅವನದಾದರೂ.

"ಪ್ರಯೋಗ ಯಾರ ಮೇಲೆ?" ಅಂದಳು ಟ್ರೈಪಾಡು. "ಕಾಲೇಜಲ್ಲಿ ಎಲ್ಲರಿಗೂ ಇವನು ಕಥೆ ಹೇಳ್ಕೊಂಡು ತಿರುಗಿದಾನೆ."

"ನಮ್ಮಕ್ಕ ಇದಾಳಲ್ಲ," ಅಂದೆ. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಹೆದರಿದರೆ ಹೆದರಲಿ. ಚಪ್ಪಲಿ ಎಸೆದರೆ ಎಸೆಯಲಿ. ಏನಾದರೊಂದು ಎಸೆಯಲಿ ಅಂತ ಇತ್ತು ನನಗೆ.

ಶನಿವಾರ ಅಮ್ಮ ಫೋನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಅಪ್ಪ ಟೀವಿಯ ಮೂಕಚಿತ್ರದ ಮುಂದೆ. ಚಪ್ಪಲಿ ಗೂಡಿನ ಹಿಂದೆ ಸ್ಪೀಕರ್ ಇಟ್ಟೆವು. ಒಣಗಲು ಹಾಕಿದ ಬೆಡ್‌ಶೀಟಿನ ಮರೆಯಲ್ಲಿ ಟ್ರೈಪಾಡು ಕ್ಯಾಮೆರಾ ಹಿಡಿದು ನಿಂತಳು. ಡೈರೆಕ್ಟ್ರು ಕಪಾಟಿನ ಪಕ್ಕ. ನಾನು ಮೂಲೆಯಲ್ಲಿ ಮೈಕಿನೊಂದಿಗೆ. ಹೊರಗಡೆ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

ಚಿಲಕ ತೆಗೆದ ಸದ್ದಾಯಿತು. ಶಾಲಿನಿಂದ ಕೆನ್ನೆ ಮುಚ್ಚಿಕೊಂಡು ಅಕ್ಕ ಹೊರಬಂದಳು. ನಾನು ಬಾಯಿ ತೆರೆದೆ. ಬಂದದ್ದು ಅವಳದೇ ದನಿ, ಯಂತ್ರ ಜೋಡಿಸಿದ ಹಳೆಯ ದನಿ.

"ಪ್ರಯಾಣಿಕರ... ಗಮನಕ್ಕೆ. ಕೋಣೆಯಿಂದ... ಹೊರಟು... ಬಚ್ಚಲಿಗೆ... ಹೋಗುತ್ತಿರುವ ಮಹಿಳೆ... ಈಗ... ನಿಲ್ಲಲಿದ್ದಾರೆ."

ಅಕ್ಕ ನಿಂತಳು.

"ಅವರು... ಹಿಂದೆ... ತಿರುಗಿ... ನೋಡಬಾರದು."

ತಿರುಗಿ ನೋಡಿದಳು. ಶಾಲು ಜಾರಿತು. ಕೂಗಲಿಲ್ಲ, ಓಡಲಿಲ್ಲ. ಸ್ಪೀಕರ್ ನೋಡಿದಳು, ಬೆಡ್‌ಶೀಟಿನ ಕೆಳಗಿದ್ದ ಟ್ರೈಪಾಡಿನ ಬೂಟು ನೋಡಿದಳು, ನನ್ನನ್ನು ನೋಡಿದಳು. "ಮುಗೀತಾ?" ಅಂದಳು. (ಅಕ್ಕನ ಮಾತನ್ನು ಅವಳಾಡಿದ ಹಾಗೇ ಬರೆದರೆ ಓದಲಾಗುವುದಿಲ್ಲ, ನೆಟ್ಟಗೆ ಮಾಡಿ ಬರೆಯುತ್ತಿದ್ದೇನೆ. ಮಿಮಿಕ್ರಿಯವನಿಗೆ ಇದು ಅವಮಾನ, ಇರಲಿ.) ಬಚ್ಚಲಿಗೆ ಹೋದಳು.

ನಾನು ಮೈಕು ಕೆಳಗಿಟ್ಟೆ. ಅಮ್ಮ ಬಾಗಿಲಿಗೆ ಬಂದು, "ಹಾಳಾದವನೇ, ಏನೋ ಮಾಡಿದೆ?" ಅಂದಳು. ಏನು ಮಾಡಿದೆ ಅಂತ ನನಗೂ ಗೊತ್ತಾಗಲಿಲ್ಲ.

ಅಕ್ಕ ಹೊರಬರುವ ಹೊತ್ತಿಗೆ ಡೈರೆಕ್ಟ್ರು ಕ್ಯಾಮೆರಾದ ಪುಟ್ಟ ಪರದೆಯನ್ನು ಮೂಗಿಗೆ ಅಂಟಿಸಿಕೊಂಡಿದ್ದ. ಸಂಶೋಧನೆಯ ಹುಚ್ಚು. ಎದುರಿಗಿದ್ದವಳನ್ನು ಅವನು ನೋಡಲೇ ಇಲ್ಲ, ಪರದೆಯಲ್ಲಿದ್ದವಳನ್ನಷ್ಟೇ ನೋಡುತ್ತಿದ್ದ. ಹಿಂದೆ ಓಡಿಸಿದ, ಮುಂದೆ ಓಡಿಸಿದ, ಮತ್ತೆ ಹಿಂದೆ.

"ಮೇಡಂ, ಕ್ಷಮಿಸಿ, ಒಂದು ಸಣ್ಣ ಅನುಮಾನ. ಅಧ್ಯಯನಕ್ಕೋಸ್ಕರ ಕೇಳ್ತಿದೀನಿ," ಅಂದ. "ಬಲಗಡೆ ಹುಬ್ಬು ಮೇಲೆ ಹೋಗಿದೆ, ಕಣ್ಣು ಅಗಲ ಆಗಿದೆ, ಬಾಯಿ ಎಳೆದಿದೆ. ಎಲ್ಲಾ ಪುಸ್ತಕದಲ್ಲಿ ಇರೋ ಹಾಗೇ. ಆದ್ರೆ ಎಡಗಡೆಗೆ ಏನೂ ಆಗೇ ಇಲ್ಲ. ನಮ್ಮ ಶಬ್ದ ಒಂದೇ ಕಿವಿಗೆ ಕೇಳಿಸ್ತಾ? ಇಲ್ಲಾ ನಿಮಗೆ... ಅರ್ಧಾನೇ ಭಯ ಆಯ್ತಾ?"

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಟೀವಿಯಿಂದ ತಲೆ ತಿರುಗಿಸಿದರು. ಟ್ರೈಪಾಡು ಬೂಟಿನಿಂದ ಡೈರೆಕ್ಟ್ರ ಕಾಲು ತುಳಿದಳು. ಅವನಿಗೆ ಅದೂ ತಿಳಿಯಲಿಲ್ಲ. "ಮಾರ್ಕ್ಸ್ ಹಾಕೋಕೆ ಕಷ್ಟ ಆಗುತ್ತೆ, ಅದಕ್ಕೆ," ಅಂದ.

ಅಕ್ಕ ಅವನ ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. ಟವೆಲ್ ಹೊದಿಸಿದ ಮೇಲೆ ಅವಳು ತನ್ನ ಮುಖ ನೋಡಿಕೊಂಡದ್ದು ಅದೇ ಮೊದಲು. ತುಂಬ ಹೊತ್ತು ನೋಡಿದಳು. ಮೊಳೆ ಹೊಡೆಯುವ ಸದ್ದು ನಿಂತಿತ್ತು.

"ಈ ಎಡಗಡೆಯವಳಿಗೆ ಧೈರ್ಯ ಜಾಸ್ತಿ," ಅಂದಳು. ನಗಲಿಲ್ಲ. "ಬಲಗಡೆಯವಳು ಪುಕ್ಕಲಿ."

ಆಗ ಫೋನು ಬಂತು. ಅಮ್ಮ ಗಾಬರಿಯಿಂದ ನಮ್ಮೆಲ್ಲರ ಮುಖ ನೋಡಿ ಎತ್ತುವಷ್ಟರಲ್ಲಿ ಅಕ್ಕ ಕ್ಯಾಮೆರಾ ಟ್ರೈಪಾಡಿಗೆ ಕೊಟ್ಟು ಕೈ ಚಾಚಿದಳು.

"ಹಲೋ," ಅಂದಳು. ಅದರಲ್ಲಿ ತುಟಿಯ ಕೆಲಸವಿಲ್ಲ, ಸಲೀಸಾಗಿ ಬಂತು. ಮುಂದಿನದು ಗಾಳಿ. "ಮಾತಾಡ್ತಿರೋದು ನಾನೇ ಸರ್."

ಸೂಪರ್‌ವೈಸರ್ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸಿತು. "ಯಾರಮ್ಮ? ಸರಿಯಾಗಿ ಕೇಳಿಸ್ತಿಲ್ಲ. ಅನೌನ್ಸರ್‌ಗೆ ಕೊಡಿ."

"ನಾನೇ ಅನೌನ್ಸರ್."

"ಅಯ್ಯೋ ನೀವ್ಯಾರೋ ಕೆಲಸದವರು ಇರಬೇಕು. ಆಕೆ ದನಿ ನನಗೆ ಗೊತ್ತಿಲ್ವಾ? ದಿನಾ ನನ್ನ ತಲೆ ಮೇಲೇ ಕೂಗುತ್ತೆ! ಆಕೆಗೆ ಕೊಡಿ."

ನನ್ನ ಗಂಟಲಲ್ಲಿ ಆ ದನಿ ಸಿದ್ಧವಾಗಿತ್ತು. ಬೆಣ್ಣೆಯಂಥದ್ದು, ಉಸಿರು ಸಹಿತ. ಫೋನಿಗೆ ಕೈ ಚಾಚಿದೆ. ನಾನು ಮಾತಾಡಿದ್ದರೆ ಅವರು ಖಂಡಿತ ನಂಬುತ್ತಿದ್ದರು. ಅಕ್ಕ ನನ್ನ ಕೈಗೆ ಪಟ್ಟಂತ ಹೊಡೆದಳು. ನೋವಾಯಿತು. ತುಂಬ ದಿನಗಳ ಮೇಲೆ ನನಗೆ ಏನೋ ಅನ್ನಿಸಿದ್ದು ಅದೇ ಮೊದಲು.

"ಸರ್," ಅಂದಳು. ಎಡತುಟಿಯನ್ನು ಬೆರಳಿಂದ ಮೇಲಕ್ಕೆ ಎತ್ತಿಹಿಡಿದಳು, ಮ ಅನ್ನಬೇಕಾದಲ್ಲಿ ಎರಡೂ ತುಟಿ ಒತ್ತಿಹಿಡಿದಳು. "ಆ ಯಂತ್ರ ಕಾಯಂ ಮಾಡಬೇಡಿ. ಕಳೆದುಹೋದ ಸಾಮಾನಿನ ಕೋಣೆ ನನಗೆ ಬೇಡ. ನಾನೇ ಬಂದು ಕೂಗ್ತೀನಿ."

"ಹೀಗೇನಾ?" ಅಂದರು ಅವರು. ಈಗ ಗುರುತು ಸಿಕ್ಕಿತ್ತು, ದನಿ ಇಳಿದಿತ್ತು. "ಜನಕ್ಕೆ ಅರ್ಥ ಆಗಬೇಕಲ್ಲಮ್ಮ?"

"ನಿಧಾನಕ್ಕೆ ಕೂಗ್ತೀನಿ. ಬಸ್ಸೂ ನಿಧಾನಕ್ಕೇ ಬರುತ್ತಲ್ಲ ಸರ್?"

ಆ ಕಡೆಯಿಂದ, "ಸೋಮವಾರ ಬನ್ನಿ, ನೋಡೋಣ," ಅಂದರು. ಅಕ್ಕ ಫೋನಿಟ್ಟಳು.

ಡೈರೆಕ್ಟ್ರಿಗೆ ಈಗ ಬೆಳಕಾಗಿತ್ತು. ಪರದೆಯ ಮುಖ, ಎದುರಿನ ಮುಖ, ಎರಡನ್ನೂ ನೋಡಿದ. ಅವನದೇ ಮುಖದಲ್ಲಿ ಬಲ, ಎಡ, ಮೇಲೆ, ಕೆಳಗೆ ಎಲ್ಲ ಕಡೆ ಏಕಕಾಲಕ್ಕೆ ಪೂರ್ಣಪ್ರಮಾಣದ ಭಯ ಮೂಡಿತು. ಹಿಂದಕ್ಕೆ ಹೆಜ್ಜೆಯಿಟ್ಟ, ಬೆಡ್‌ಶೀಟಿಗೆ ಸಿಕ್ಕಿಕೊಂಡ, ಹಗ್ಗ ಸಮೇತ ಕೆಳಗೆ ಬಂದ. ಬಿಳಿ ಗಂಟಿನೊಳಗಿಂದ, "ಅಕ್ಕಾ, ತಪ್ಪಾಯ್ತು ಅಕ್ಕಾ," ಅಂತ ಕೇಳಿಸಿತು.

"ಇದನ್ನ ಶೂಟ್ ಮಾಡೇ," ಅಂದಳು ಅಕ್ಕ, ಟ್ರೈಪಾಡಿಗೆ. "ನಿಮ್ಮ ಮೇಷ್ಟ್ರಿಗೆ ಮುಖ ಬೇಕಂತಲ್ಲ."

ಮೊದಲು ನಕ್ಕದ್ದು ಅಪ್ಪ, ಮೂಗಿನಲ್ಲಿ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಮ್ಮ. ಟ್ರೈಪಾಡು ಅಲುಗಾಡಿದಳು, ಶಾಟು ಹಾಳಾಯಿತು. ಅಷ್ಟರಲ್ಲಿ ಅಕ್ಕನಿಂದ ಒಂದು ಸದ್ದು ಹೊರಟಿತು. ಬಲಗಡೆ ಬಾಯಿ ಕಿವಿಯ ತನಕ ಹೋಗಿತ್ತು, ಎಡಗಡೆ ಬಸ್ಸಿಗೆ ಕಾದವರ ಹಾಗೆ ಸುಮ್ಮನೆ ನಿಂತಿತ್ತು, ಅದರ ಸಂದಿಯಿಂದ ಗಾಳಿ ಪುಸುಪುಸು ನುಗ್ಗುತ್ತಿತ್ತು. ಅಂಥ ಸದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಗಂಟಲಿಂದ ತೆಗೆಯಲು ಇವತ್ತಿಗೂ ಆಗಿಲ್ಲ. ಅಷ್ಟೂ ಜನರ ನಗುವಿನ ಮೇಲೆ ಅದೊಂದೇ ಕೇಳಿಸುತ್ತಿತ್ತು, ಅಷ್ಟು ಜೋರು.