ಸೀಸೆ ತಂದವನು

ಕುಮಾಸಿ ಪಟ್ಟಣದ ಹಳೇ ಪೇಟೆಯಲ್ಲಿ ಕೊನಾಡುವಿನ ಮನೆಗಿಂತ ಚಿಕ್ಕದು ಇನ್ನೊಂದಿರಲಿಲ್ಲ. ನಡುವೆ ಅಂಗಳ, ಸುತ್ತ ನಾಲ್ಕು ಕೋಣೆ, ಮೇಲೆ ತುಕ್ಕು ಹಿಡಿದ ತಗಡು. ಅಜ್ಜಿ ಸೆರ್ವಾ, ಕೋಕೋ ಮಾರಿ ಕಟ್ಟಿಸಿದ್ದು. ಒಂದು ಕೋಣೆಯಲ್ಲಿ ಕೆಮ್ಮಿದರೆ ಉಳಿದ ಮೂರು ಕೋಣೆಗಳಿಂದ ಶುಂಠಿ ಬರುತ್ತಿತ್ತು. ಗಂಡ ಹೆಂಡತಿ ನೆಮ್ಮದಿಯಾಗಿ ಜಗಳವಾಡಬೇಕೆಂದರೆ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಇಂಥ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಕೊನಾಡು ನಂಬಿದ್ದಳು. ನಂಬಿ ಕೆಟ್ಟಳು.

ಐವತ್ತು ದಾಟಿದ ಅವಳು ಹುಟ್ಟಿದ್ದು, ಗಂಡ ಸತ್ತ ಮೇಲೆ ಮರಳಿ ಬಂದದ್ದು, ಹೊಲಿಗೆ ಮಷಿನ್ ಇಟ್ಟುಕೊಂಡು ಬದುಕು ಕಟ್ಟಿಕೊಂಡದ್ದು ಎಲ್ಲ ಇಲ್ಲೇ. ಅವಳಿಗೆ ಗಡಿಯಾರ ಬೇಕಿರಲಿಲ್ಲ. ಬಿಸಿಲು ಬೆಳಿಗ್ಗೆ ಅವಳ ಹೊಸ್ತಿಲಿಗೆ ಬರುತ್ತಿತ್ತು, ಮಧ್ಯಾಹ್ನ ಅಂಗಳದ ಮರದ ಒರಳಿಗೆ, ಸಂಜೆ ತಮ್ಮ ಯಿಯಾಡೊಮ್‌ನ ಬಾಗಿಲಿಗೆ. ಅವನ ಬಾಗಿಲಿಗೆ ಬಿಸಿಲು ತಾಕಿತೆಂದರೆ ಸಂಜೆಯೂಟದ ಮುದ್ದೆ, ಫುಫು, ಕುಟ್ಟುವ ಹೊತ್ತು. ಬೇಯಿಸಿದ ಮರಗೆಣಸು, ಬಾಳೆಕಾಯಿ ಒರಳಿಗೆ ಹಾಕಿ ಅವಳು ಮಣೆಯ ಮೇಲೆ ಕೂರುತ್ತಿದ್ದಳು. ಅವನು ನಿಂತು ಆಳೆತ್ತರದ ಒನಕೆ ಹಾಕುತ್ತಿದ್ದ. ಎರಡು ಪೆಟ್ಟಿನ ನಡುವೆ ಅವಳ ಒದ್ದೆ ಕೈ ಒಳಗೆ ಹೋಗಿ ಮುದ್ದೆ ಮಗುಚಿ ಬರಬೇಕು. ಅವಳು ಒನಕೆಯ ಕಡೆ ನೋಡಿದವಳೇ ಅಲ್ಲ. ಬೀದಿಯವರ ಸುದ್ದಿ ಹೇಳುತ್ತಾ, ನಗುತ್ತಾ ಕೈ ಹಾಕುತ್ತಿದ್ದಳು. ಅವನು ಹುಡುಗನಾಗಿದ್ದಾಗಿನಿಂದಲೂ ಹಾಗೆಯೇ.

ಮನೆ ತಾಯಿಯ ಕಡೆಯಿಂದ ಬಂದದ್ದು. ಕುಟುಂಬದ ಯಜಮಾನ ಸೋದರಮಾವ ಆದುಸೇ. ಆದರೆ ಹಿರಿಯ ಹೆಣ್ಣು ಕೊನಾಡು. ಅವಳು ಒಪ್ಪದೆ ಆ ಮನೆಯ ಒಂದು ಇಟ್ಟಿಗೆಯನ್ನೂ ಯಾರೂ ಯಾರಿಗೂ ಕೊಡುವಂತಿರಲಿಲ್ಲ. ಹಿಂದೊಮ್ಮೆ ಮಾವ ಮಾರುವ ಮಾತು ತೆಗೆದಾಗ, "ನನ್ನ ಹೆಣ ಹೊರಗೆ ಹೋದ್ಮೇಲೆ ಮಾರ್ಕೊಳ್ಳಿ" ಎಂದಿದ್ದಳು. ಆ ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದಳು.

ಒಂದು ಸಂಜೆ ಯಿಯಾಡೊಮ್ ಒನಕೆ ಹಾಕುತ್ತಲೇ ಹೇಳಿದ. "ಅಕ್ಕಾ, ಶನಿವಾರ ಒಪಾಂಗ್ ಬರ್ತಾನೆ. ಸಿಮೆಂಟ್ ಅಂಗಡಿಯವನು. ನಮ್ಮ ಸೂರಿಗೆ ಹೊಸ ತಗಡು ಹಾಕಿಸಿಕೊಡ್ತಾನಂತೆ."

"ಅವನಾ? ಸ್ವಂತ ಅತ್ತೆಗೂ ಮೊಳೆ ತೂಗಿ ಕೊಡೋನು ಕಣೋ ಅವನು."

"ಅವರಮ್ಮ ಚಿಕ್ಕೋಳಿದ್ದಾಗ ನಮ್ಮಜ್ಜಿ ಊಟ ಹಾಕಿದ್ಳಂತೆ. ಆ ಋಣ ಅಂತಾನೆ. ಮಾವಾನೂ ಬರ್ತಾನೆ, ಇನ್ನಿಬ್ರು ಹಿರಿಯರೂ ಬರ್ತಾರೆ. ನೀನು ಕಡಲೇಕಾಯಿ ಸಾರು ಮಾಡು."

ಅಜ್ಜಿ ಅರ್ಧ ಪೇಟೆಗೆ ಊಟ ಹಾಕಿದವಳು, ಹೌದು. ಮಳೆ ಬಂದರೆ ಕೊನಾಡು ಮಂಚದ ಮೇಲೆ ಪಾತ್ರೆ ಇಟ್ಟು ನೆಲದಲ್ಲಿ ಮಲಗುತ್ತಿದ್ದುದೂ ಹೌದು. ಮೇಲಾಗಿ ಹೇಳಿದವನು ಸ್ವಂತ ತಮ್ಮ. ಅವಳು ಒಂದು ಕೋಳಿಯನ್ನೂ ತಂದಳು.

ಶನಿವಾರ ಅವರೆಲ್ಲ ಬಂದು ಅಂಗಳದಲ್ಲಿ ಕೂತರು. ಒಪಾಂಗ್ ಗರಿಗರಿ ಅಂಗಿ ತೊಟ್ಟು, ಕಂಕುಳಲ್ಲಿ ಒಂದು ಸೀಸೆ ಮದ್ಯ ಇಟ್ಟುಕೊಂಡು ಬಂದಿದ್ದ. ಮಾವ ತೀರಿಹೋದ ಹಿರಿಯರ ಹೆಸರು ಹೇಳಿ ನೆಲಕ್ಕೆ ಮದ್ಯ ಸುರಿಯುವಾಗ ಕೊನಾಡು ಒಲೆಯ ಮುಂದೆ ಹೊಗೆಯಲ್ಲಿದ್ದಳು. ಮೂರು ಬೀದಿಗೆ ಕೇಳುವಂತೆ ಮಾತಾಡುವ ಮನುಷ್ಯ ಅವತ್ತು ಗೊಣಗಿದ. ವಯಸ್ಸಾಯಿತು ಪಾಪ ಎಂದುಕೊಂಡಳು.

"ಬಾ ಮಗಳೇ, ನಿನ್ನ ಕೈಯಿಂದ್ಲೇ ಎಲ್ರಿಗೂ ಕೊಡು" ಎಂದ ಮಾವ.

ಅವಳು ಕೈ ಒರೆಸಿಕೊಂಡು ಬಂದಳು. ಒಂದೇ ಲೋಟ ಒಬ್ಬೊಬ್ಬರಿಗೂ ತುಂಬಿ ಕೊಟ್ಟಳು, ಕೊನೆಗೆ ತಾನೂ ಕುಡಿದಳು. ಯಿಯಾಡೊಮ್ ತನ್ನ ಸರದಿ ಬಂದಾಗ ಅವಳ ಮುಖ ನೋಡಲಿಲ್ಲ.

ಊಟಕ್ಕೆ ಮೊದಲು ಒಪಾಂಗ್ ಎದ್ದು ಗೋಡೆಗಳನ್ನು ಬೆರಳಲ್ಲಿ ತಟ್ಟುತ್ತಾ ಒಂದು ಸುತ್ತು ಬಂದ. ಒರಳಿನ ಹತ್ತಿರ ನಿಂತು, "ಇದನ್ನ ಬೇಗ ತೆಗೆಸಿಬಿಡಿ. ನೀರಿನ ಟ್ಯಾಂಕ್ ಇಲ್ಲೇ ಬರೋದು" ಎಂದ.

"ತಗಡಿನ ಜೊತೆ ಟ್ಯಾಂಕೂ ಕೊಡ್ತಾನೇನೋ ಪುಣ್ಯಾತ್ಮ" ಎಂದು ಕೊನಾಡು ನಕ್ಕಳು. ಬೇರೆ ಯಾರೂ ನಗಲಿಲ್ಲ. ಆಗ ಅವಳ ಕಣ್ಣು ಸೀಸೆಯ ಮೇಲೆ ಬಿತ್ತು.

ಅವಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಅವರಲ್ಲಿ ಮಕ್ಕಳಿಗೂ ಗೊತ್ತು. ಕೊಡುವವನು ಸೀಸೆ ತರುವುದಿಲ್ಲ. ಪಡೆಯುವವನು ತರುತ್ತಾನೆ. ಕೊಡುವ ಮನೆಯವರು ಅದನ್ನು ಕುಡಿದರೆ ಕೊಟ್ಟಂತೆ, ಆಮೇಲೆ ಮಾತಿಲ್ಲ. ಇಷ್ಟು ಗೊತ್ತಿದ್ದೂ ಅವಳ ಕಣ್ಣಿಗೆ ಮಣ್ಣು ಬಿದ್ದಿತ್ತು.

"ಮಾವಾ, ತಗಡು ಕೊಡೋನು ಅವನು. ತಗೊಳ್ಳೋರು ನಾವು. ಸೀಸೆ ಅವನ್ಯಾಕೆ ತಂದ?"

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹಿರಿಯರಿಬ್ಬರೂ ತಮ್ಮ ಚಪ್ಪಲಿ ನೋಡಿಕೊಂಡರು.

"ನೀನೇ ಕೊಟ್ಟೆ, ನೀನೇ ಕುಡಿದೆ" ಎಂದ ಮಾವ. "ಮನೆ ಇನ್ನು ಒಪಾಂಗ್‌ದು, ಸಾಕ್ಷಿಗೆ ಇವರಿದಾರೆ. ಯಾರ ಮುಂದೆ ಹೋದ್ರೂ ಕೇಳೋದು ಒಂದೇ ಮಾತು, ಕುಡಿದ್ಯಾ ಇಲ್ವಾ ಅಂತ."

"ಸುಳ್ಳು ಹೇಳಿ ಕುಡಿಸಿದ್ರಲ್ಲ."

"ಯಾರು ಹೇಳಿದ್ದು? ನಾನು ಹೇಳಿದ್ನಾ?"

ಅವನು ಹೇಳಿರಲಿಲ್ಲ. ಅವಳು ತಮ್ಮನ ಕಡೆ ತಿರುಗಿದಳು. ಪಾತ್ರೆಗಳಿಗೆ ಮಂಚ ಬಿಟ್ಟು ಅವಳು ನೆಲದಲ್ಲಿ ಮಲಗಿದ ರಾತ್ರಿಗಳು ಅವನಿಗೆ ಗೊತ್ತಿದ್ದವು. ಆ ಕಷ್ಟವನ್ನೇ ಹಿಡಿದು ಅವಳನ್ನು ಕೆಡವಿದ್ದ.

"ಒಪಾಂಗ್ ರಸ್ತೆ ಪಕ್ಕ ಕಟ್ಟಿಸ್ತಿದಾನಲ್ಲ, ಅಲ್ಲಿ ನಮಗೆ ರೂಮು ಕೊಡ್ತಾನೆ ಅಕ್ಕಾ" ಎಂದ ಯಿಯಾಡೊಮ್. "ನಿನಗೂ ಒಂದು. ಒಳಗೇ ನಲ್ಲಿ ಇರುತ್ತೆ. ಗೋಡೆಯಾಚೆ ಯಾರು ಕೆಮ್ಮಿದ್ರೂ ಕೇಳಲ್ಲ."

"ಎಲ್ಲಿ ಕೂತು ಮಾತಾಡಿದ್ರಿ ಇದನ್ನೆಲ್ಲ?"

"ಅವನ ಅಂಗಡೀಲಿ."

"ಮನೇಲಿ ಯಾಕೆ ಮಾತಾಡ್ಲಿಲ್ಲ?"

ಆ ಗೋಡೆಗಳು ಅವಳ ಕಡೆಯವು, ಆಡಿದ್ದನ್ನೆಲ್ಲ ಅವಳಿಗೆ ಮುಟ್ಟಿಸುತ್ತವೆ ಎಂದು ಅವನಿಗೂ ಗೊತ್ತಿತ್ತು. ಕೊನಾಡುವಿಗೆ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು, ಅಜ್ಜಿ ಸುರಿಸಿದ ಬೆವರನ್ನು ತಾನೇ ಲೋಟಕ್ಕೆ ಬಗ್ಗಿಸಿ ಹಂಚಿದೆನಲ್ಲ ಎಂದು. ಬಂದವರು ಅವಳು ಮಾಡಿದ ಕೋಳಿ ಸಾರನ್ನು ಚೆನ್ನಾಗಿಯೇ ತಿಂದು ಹೋದರು.

ಬಿಸಿಲು ಯಿಯಾಡೊಮ್‌ನ ಬಾಗಿಲಿಗೆ ಬಂತು. ಅವನ ಮಕ್ಕಳು ಹಸಿವು ಎಂದವು. ಅಭ್ಯಾಸಬಲ, ಅವಳು ಬೆಂದ ಗೆಣಸು ಒರಳಿಗೆ ಹಾಕಿ ಮಣೆಯ ಮೇಲೆ ಕೂತಳು. ಕೈ ನೀರಿಗದ್ದಿದಳು. ಅವನೂ ಬಂದು ಒನಕೆ ಎತ್ತಿಕೊಂಡು ಎರಡು ಪೆಟ್ಟು ಹಾಕಿದ.

ಮಗುಚುವ ಹೊತ್ತಿಗೆ ಅವಳ ಕೈ ಒರಳಿನ ಅಂಚಿನಲ್ಲೇ ನಿಂತಿತು. ಮೊದಲ ಸಲ ಅವಳು ತಲೆಯೆತ್ತಿ ಒನಕೆಯನ್ನು ನೋಡಿದಳು, ಆಮೇಲೆ ಅದನ್ನು ಹಿಡಿದವನನ್ನು.

"ಕೈ ಹಾಕು ಅಕ್ಕಾ" ಎಂದ ಅವನು.

"ಆಗಲ್ಲ ಕಣೋ" ಎಂದಳು. "ಹಾಕೋಣ ಅಂತಾನೇ ಕೂತೆ. ಆಗ್ತಿಲ್ಲ."

ಅವಳು ಕೈ ಒರೆಸಿಕೊಂಡು ಎದ್ದು ತನ್ನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಹೊರಗೆ ಒಂದು ಪೆಟ್ಟು ಬಿತ್ತು. ಅವನು ಒನಕೆ ಗೋಡೆಗೊರಗಿಸಿ, ಬಗ್ಗಿ, ತಾನೇ ಮಗುಚಿ, ಮತ್ತೆ ಎತ್ತಿಕೊಂಡ. ಬಹಳ ಹೊತ್ತಿನ ಮೇಲೆ ಇನ್ನೊಂದು ಪೆಟ್ಟು. ಆ ಮನೆಯಲ್ಲಿ ಎಲ್ಲವೂ ಕೇಳುತ್ತಿತ್ತು. ಅವಳು ಕೇಳುತ್ತಾ ಕೂತಳು.