ಚೀಟಿಯಲ್ಲಿಲ್ಲದ ರೋಗಿ

ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ವಾರ್ಡಿನಲ್ಲಿ ಬೆಡ್‌ಪ್ಯಾನ್ ತೊಳೆದುಕೊಂಡಿರುವುದೇ ಗತಿ. ಔಷಧಿಗಳ ಹೆಸರೆಲ್ಲ ನಾಲಿಗೆ ತುದಿಯಲ್ಲಿತ್ತು. ಎಡವುತ್ತಿದ್ದದ್ದು ಸನ್ನಿವೇಶದ ಪ್ರಶ್ನೆಗಳಲ್ಲಿ: ಇಂಥ ರೋಗಿ ಬಂದಿದ್ದಾನೆ, ಹೀಗೆ ಹೀಗೆ ಹೇಳುತ್ತಿದ್ದಾನೆ, ನೀವು ಮೊದಲು ಏನು ಮಾಡುತ್ತೀರಿ?

ಅದಕ್ಕೆ ಅಪ್ಪನೇ ರೋಗಿಯಾದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಹೊತ್ತು ಹೋಗದೆ ನನ್ನ ಪ್ರಾಣ ತಿನ್ನುತ್ತಿದ್ದ. ನಾನು ಕಾಯಿಲೆಗಳ ಲಕ್ಷಣಗಳನ್ನು ಚೀಟಿಗಳಲ್ಲಿ ಬರೆದಿಟ್ಟಿದ್ದೆ. ದಿನಾ ಮಧ್ಯಾಹ್ನ ಅವನು ಒಂದನ್ನು ಎತ್ತಿಕೊಂಡು ಮಂಚದ ಮೇಲೆ ಮಲಗಿ ನರಳುತ್ತಿದ್ದ. ನಟನೆಯೋ, ದೇವರಿಗೇ ಪ್ರೀತಿ. ಕಾಲು ಉಳುಕಿದ ರೋಗಿಯೂ ಅವನ ಕೈಗೆ ಸಿಕ್ಕರೆ ಕೊನೆಯುಸಿರೆಳೆಯುತ್ತಿದ್ದ. ಚೀಟಿಯಲ್ಲಿ ಇಲ್ಲದ ನೋವನ್ನೆಲ್ಲ ಸೇರಿಸಿದಾಗ ನಾನು ರೇಗುತ್ತಿದ್ದೆ. ಬರೆದಿರುವಷ್ಟನ್ನೇ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದ್ದೆ.

ಪರೀಕ್ಷೆಗೆ ನಾಲ್ಕು ದಿನವಿತ್ತು. ಅವತ್ತು ಅಪ್ಪ ಎತ್ತಿದ್ದು ಸಕ್ಕರೆ ಕಾಯಿಲೆಯವನ ಕಾಲಿನ ಹುಣ್ಣಿನ ಚೀಟಿ. ಓದಿ, ಮಡಚಿ ಪಕ್ಕಕ್ಕಿಟ್ಟ. ನರಳಲಿಲ್ಲ.

"ನರ್ಸಮ್ಮಾ, ಒಬ್ಬನಿಗೆ ಎದೆ ಮೇಲೆ ಭಾರ ಇಟ್ಟ ಹಾಗಾಗಿದೆ. ಎಡಗೈ ಜೋಮು. ಬೆವರ್ತಾ ಇದಾನೆ. ಏನ್ ಮಾಡ್ತೀಯಾ?"

ಹುಣ್ಣಿನ ಪಾಠ ಬಾಕಿಯಿರುವಾಗ ಇದೇನು ತಲೆಹರಟೆ ಎಂದು ಮೈಯೆಲ್ಲ ಉರಿಯಿತು. ಆದರೂ ಪರೀಕ್ಷೆಗೆ ಬರುವಂಥ ಪ್ರಶ್ನೆಯೇ ಅಲ್ಲವೇ? ಪುಸ್ತಕದಿಂದ ತಲೆಯೆತ್ತದೆ ಗಡಗಡ ಒಪ್ಪಿಸಿದೆ: ಓಡಾಡಲು ಬಿಡಬಾರದು, ತಲೆ ಎತ್ತರಿಸಿ ಕೂರಿಸಬೇಕು, ಬಿಪಿ ನೋಡಬೇಕು, ಇಸಿಜಿ ತೆಗೆಯಬೇಕು, ಡಾಕ್ಟರನ್ನು ಕರೆಯಬೇಕು, ಒಂದು ನಿಮಿಷವೂ ತಡ ಮಾಡಬಾರದು.

"ಸರಿಯಾಗಿ ಹೇಳ್ದೆ," ಅಂದ ಅಪ್ಪ.

ಇದು ಚೀಟಿಯಲ್ಲಿ ಇಲ್ಲ, ಸುಮ್ಮನೆ ಮಲಗು ಎಂದು ಗದರಿ ಹುಣ್ಣಿನ ಪಾಠ ತೆಗೆದೆ. ಅಪ್ಪ ಸುಮ್ಮನಾದ. ಒಂದೇ ಮಾತಿಗೆ ಕೇಳಿದನಲ್ಲ ಎಂದು ಸಮಾಧಾನವೂ ಆಯಿತು.

ಪಾಠ ಮುಗಿಸಿ ತಿರುಗಿದಾಗ ದಿಂಬು ಬೆವರಿಗೆ ಒದ್ದೆಯಾಗಿತ್ತು. ಕೈ ಹಿಡಿದರೆ ತಣ್ಣಗಿತ್ತು. ಎತ್ತಿ ಕೂರಿಸಿದೆ, ನಾಡಿ ನೋಡಿದೆ, ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ದಾರಿಯಲ್ಲಿ ಅಪ್ಪ ಒಂದೇ ಮಾತಾಡಿದ.

"ಬೆಳಗ್ಗೆಯಿಂದ ಇತ್ತು. ನಿನ್ನ ಓದು ಕೆಡೋದು ಬೇಡ ಅನ್ಕೊಂಡೆ."

ನೋವು ಅಂತ ಹೇಳಿದ್ದು ಎಷ್ಟು ಹೊತ್ತಿಗೆ ಎಂದು ಎಮರ್ಜೆನ್ಸಿಯ ಡಾಕ್ಟರು ಕೇಳಿದರು. ಮೂರು ಗಂಟೆಗೆ ಎಂದೆ. ಫೋನ್ ಮಾಡಿದ್ದು? ಮೂರೂವರೆಗೆ.

"ಅರ್ಧ ಗಂಟೆ ಏನ್ ಮಾಡ್ತಿದ್ರಿ?"

ಬೈದು ಕೇಳಿದ್ದಲ್ಲ, ಕೇಸ್ ಶೀಟ್ ಬರೆಯುತ್ತಾ ಕೇಳಿದ್ದು.

ಅಪ್ಪ ಮಾರನೆಯ ದಿನ ತೀರಿಕೊಂಡ. ಆದರೂ ಪರೀಕ್ಷೆಗೆ ಹೋದೆ. ಬಿಟ್ಟರೆ ಅವನು ಹಲ್ಲು ಕಚ್ಚಿ ನುಂಗಿದ್ದೆಲ್ಲ ನೀರುಪಾಲಾಗುತ್ತದೆ ಅನ್ನಿಸಿತು. ಪಾಸಾದೆ. ಅಪ್ಪ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದ ಎಂದು ನೆಂಟರೆಲ್ಲ ಹೇಳಿದರು. ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲಿರುವ ಸಿಟ್ಟು ಅದಕ್ಕಿಂತ ಹೆಚ್ಚಿನದು.

ಈಗ ಎಮರ್ಜೆನ್ಸಿಯಲ್ಲಿ ಕೇಸ್ ಶೀಟ್ ತುಂಬುವುದು ನನ್ನ ಕೆಲಸ. ರೋಗಿ ನೋವು ಅಂದ ಹೊತ್ತು, ಮನೆಯವರು ಫೋನ್ ಮಾಡಿದ ಹೊತ್ತು, ಎರಡನ್ನೂ ಕೇಳಿ ಬರೆದುಕೊಳ್ಳುತ್ತೇನೆ. ನಡುವೆ ಏನು ಮಾಡುತ್ತಿದ್ದಿರಿ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ.